ನಿಮಿಷವೂ ಅನಿಮಿಷವೂ: ಒಂದು ಚಲನಚಿತ್ರದ ನೆಪದಲ್ಲಿ ಕಾಲದ ವಿಚಾರ

ಧಾರ್ಮಿಕ ಮಾಸಪತ್ರಿಕೆಯಲ್ಲಿ ಚಲನಚಿತ್ರದ ವಿಚಾರವೇಕೆ ಎಂದು ಸದ್ಭಕ್ತರಲ್ಲಿ ಕೆಲವರಾದರೂ ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಲಾಗದ ಚಿತ್ರಗಳೇ ಹೆಚ್ಚುತ್ತಿರುವಾಗ ಹಿರಿಯರು ಸಿನೆಮಾ ಎಂದೊಡನೆ ಮುಖ ತಿರುಗಿಸುವುದು ಸಹಜ. ಆದರೆ ಕತೆಯ ಮೂಲಕ ತತ್ತ್ವವನ್ನು ತಿಳಿಸುವ ಪದ್ಧತಿ ನಮಗೆ ಹೊಸದಲ್ಲ. ಹರಿಹರನ ರಗಳೆಗಳು, ಚಾಮರಸನ ಪ್ರಭುಲಿಂಗಲೀಲೆ, ಊರೂರಿನ ಪುರಾಣ ಪ್ರವಚನಗಳು, ಬಯಲಾಟಗಳು ಇವೆಲ್ಲವೂ ಕತೆಯ ಬೆನ್ನೇರಿ ಬಂದ ವಿಚಾರಗಳೇ ಆಗಿವೆ. ಇಂದಿನ ತರುಣರ ಮನಸ್ಸನ್ನು ಕಾಡುವ ಕತೆ ತೆರೆಯ ಮೇಲಿನಿಂದ ಬರುವುದಾದರೆ, ಅದರಲ್ಲಿ ಏನಿದೆಯೆಂದು ನೋಡುವುದು ಹಿರಿಯರ ಹೊಣೆಯೂ ಹೌದು.

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಕೆಲವು ದಿನ ತಂಗುವ ಅವಕಾಶ ನಮಗೆ ಒದಗಿತ್ತು. ಸಿಂಧನೂರಿನಲ್ಲಿ ಒಂದು ಸಂಜೆ ಮಂಗಳವಾದ ಮೇಲೆ ಪದವಿ ಓದುವ ಹುಡುಗನೊಬ್ಬ ಹತ್ತಿರ ಬಂದು, "ಅಜ್ಜಾರ, ಹಿಂದಿನ ಕಾಲಕ್ಕ ಹೋಗಿ ಆದದ್ದನ್ನ ತಿದ್ದಾಕ ಆಗ್ತದೇನ್ರೀ?" ಎಂದು ಕೇಳಿದನು. ಅವನ ಜೊತೆಯಲ್ಲಿದ್ದವರು ನಕ್ಕರು, ಅವನು ನಗಲಿಲ್ಲ. ವಿಚಾರಿಸಿದಾಗ ಅವರೆಲ್ಲ ಒಂದು ಚಿತ್ರವನ್ನು ನೋಡಿ ಎರಡು ದಿನಗಳಿಂದ ಅದರ ಮೇಲೆಯೇ ವಾದ ನಡೆಸಿದ್ದರೆಂದು ತಿಳಿಯಿತು. ಮರುದಿನ ಮಧ್ಯಾಹ್ನ ಪ್ರಸಾದವಾದ ಬಳಿಕ ನಾವು ಇಳಿದುಕೊಂಡಿದ್ದ ಭಕ್ತರ ಮನೆಯಲ್ಲಿಯೇ ಆ ಚಿತ್ರವನ್ನು ನಮಗೂ ತೋರಿಸಿದರು.

ಎವೆಯಿಕ್ಕುವಷ್ಟು ಹೊತ್ತು

ಆ ಚಿತ್ರದ ಹೆಸರು 'ಬ್ಲಿಂಕ್'. ಶ್ರೀನಿಧಿ ಬೆಂಗಳೂರು ಎಂಬುವರು ನಿರ್ದೇಶಿಸಿ, ರವಿಚಂದ್ರ ಎ. ಜೆ. ಅವರು ನಿರ್ಮಿಸಿದ ಕನ್ನಡ ಚಿತ್ರವಿದು. ದೀಕ್ಷಿತ್ ಶೆಟ್ಟಿ, ಚೈತ್ರಾ ಜೆ. ಆಚಾರ್, ಮಂದಾರ ಬಟ್ಟಲಹಳ್ಳಿ, ಗೋಪಾಲಕೃಷ್ಣ ದೇಶಪಾಂಡೆ ಮೊದಲಾದವರು ಅಭಿನಯಿಸಿದ್ದಾರೆ. ಇದು ತೆರೆ ಕಂಡುದು 2024ರ ಮಾರ್ಚ್ 8ರಂದು. ಆ ದಿನ ಮಹಾಶಿವರಾತ್ರಿ. ಕಣ್ಣು ಮುಚ್ಚದೆ ಜಾಗರಣೆ ಮಾಡುವ ದಿನವೇ ಕಣ್ಣು ಮಿಟುಕಿಸುವುದನ್ನು ಹೆಸರಾಗಿಸಿಕೊಂಡ ಚಿತ್ರವೊಂದು ಬಂದುದು ಆಕಸ್ಮಿಕವಾದರೂ ಸೋಜಿಗವೇ ಸರಿ.

ಕತೆಯ ನಾಯಕ ಅಪೂರ್ವನೆಂಬ ತರುಣ. ರಂಗಭೂಮಿಯ ಹಂಬಲವುಳ್ಳವನು, ಬದುಕಿನಲ್ಲಿ ಇನ್ನೂ ನೆಲೆ ಕಾಣದವನು. ತನ್ನ ತಂದೆಯ ವಿಷಯದಲ್ಲಿ ತಾನು ತಿಳಿದುದಕ್ಕಿಂತ ಬೇರೆಯೇ ಏನೋ ಇದೆಯೆಂಬ ಸುಳಿವು ಅವನಿಗೆ ದೊರೆಯುತ್ತದೆ. ಅದನ್ನು ಬೆನ್ನಟ್ಟಿ ಅವನು ಕಳೆದುಹೋದ ಕಾಲಕ್ಕೆ ಹೋಗುತ್ತಾನೆ. ಇತರ ಚಿತ್ರಗಳಲ್ಲಿರುವಂತೆ ಇಲ್ಲಿ ದೊಡ್ಡ ಯಂತ್ರದ ಆರ್ಭಟವಿಲ್ಲ. ಎವೆಯಿಕ್ಕದೆ ಇರುವಷ್ಟು ಹೊತ್ತು ಅವನು ಬೇರೊಂದು ಕಾಲದಲ್ಲಿ ಇರಬಲ್ಲನು. ರೆಪ್ಪೆ ಮಿಟುಕಿತೆಂದರೆ ಆ ಕಾಲ ಕೈಬಿಟ್ಟಿತು. ಮುಂದೆ ಯಾರು ಯಾರಿಗೆ ಏನಾಗಬೇಕು ಎಂಬ ಸಂಬಂಧದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತ, ಬಿಚ್ಚಿದವು ಮತ್ತೆ ಬಿಗಿಯುತ್ತ ಸಾಗುತ್ತವೆ. ಆ ತಿರುವುಗಳನ್ನು ಇಲ್ಲಿ ಹೇಳಿಬಿಡುವುದು ನೋಡಬೇಕೆಂದಿರುವವರಿಗೆ ಅನ್ಯಾಯವಾದೀತು. ಮೊದಲ ಸಲ ನೋಡುವಾಗ ಎರಡು ಕಡೆ ತಡೆದು ನಿಲ್ಲಿಸಿ ಹುಡುಗರಿಂದ ವಿವರಣೆ ಕೇಳಬೇಕಾಯಿತೆಂಬುದನ್ನು ಮಾತ್ರ ಹೇಳಬಹುದು.

ಚಿತ್ರದ ಹೆಸರು ಇಂಗ್ಲಿಷಿನದಾದರೂ ಅದರ ತಿರುಳು ನಮ್ಮ ನುಡಿಯಲ್ಲಿಯೇ ಅಡಗಿದೆ. ನಾವು ದಿನವೂ ಬಳಸುವ 'ನಿಮಿಷ' ಎಂಬ ಶಬ್ದದ ಮೂಲ ಅರ್ಥ ಎವೆಯಿಕ್ಕುವುದು, ಎವೆಯಿಕ್ಕುವಷ್ಟು ಕಾಲ ಎಂದೇ ಆಗಿದೆ. ಗಡಿಯಾರ ಬಂದ ಮೇಲೆ ಅದು ಅರವತ್ತು ಸೆಕೆಂಡುಗಳ ಹೆಸರಾಯಿತು. ಪ್ರಾಚೀನ ಕಾಲಗಣನೆಯ ಒಂದು ಕ್ರಮದಲ್ಲಿ 18 ನಿಮಿಷಗಳು ಸೇರಿದರೆ ಒಂದು ಕಾಷ್ಠಾ, 30 ಕಾಷ್ಠೆಗಳಿಗೆ ಒಂದು ಕಲಾ, 30 ಕಲೆಗಳಿಗೆ ಒಂದು ಮುಹೂರ್ತ, 30 ಮುಹೂರ್ತಗಳಿಗೆ ಒಂದು ಹಗಲಿರುಳು. ಗುಣಿಸಿ ನೋಡಿದರೆ ದಿನವೊಂದಕ್ಕೆ 4,86,000 ನಿಮಿಷಗಳಾಗುತ್ತವೆ; ಅಂದರೆ ಒಂದು ಸೆಕೆಂಡಿಗೆ ಐದೂವರೆಗಿಂತ ತುಸು ಹೆಚ್ಚು. ಇಂದಿನ ನೇತ್ರವೈದ್ಯರು ಒಂದು ಸಲ ಎವೆಯಿಕ್ಕಲು ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಹತ್ತನೆಯ ನಾಲ್ಕು ಭಾಗದಷ್ಟು ಹೊತ್ತು ಹಿಡಿಯುತ್ತದೆಂದು ಹೇಳುತ್ತಾರೆ. ಹಿಂದಿನವರ ಲೆಕ್ಕವೂ ಇದರೊಳಗೇ ಬರುತ್ತದೆ. ಕಾಲವನ್ನು ಅಳೆಯಲು ನಮ್ಮ ಹಿರಿಯರು ಹಿಡಿದ ಮೊದಲ ಅಳತೆಗೋಲು ಮನುಷ್ಯನ ಕಣ್ಣೇ ಆಗಿತ್ತು.

ಎವೆಯಿಕ್ಕದವನು 'ಅನಿಮಿಷ'. ದೇವತೆಗಳಿಗೆ ಆ ಹೆಸರುಂಟು, ಏಕೆಂದರೆ ಅವರು ಕಾಲಕ್ಕೆ ಒಳಗಾದವರಲ್ಲವೆಂಬ ನಂಬಿಕೆ. ದಮಯಂತಿಯ ಸ್ವಯಂವರದ ಕತೆಯನ್ನು ಓದುಗರು ಬಲ್ಲರು. ನಳನ ರೂಪವನ್ನೇ ತಾಳಿ ದೇವತೆಗಳು ಸಾಲಾಗಿ ಕುಳಿತಾಗ, ಆಕೆ ಎವೆಯಿಕ್ಕುವ, ಬೆವರುವ, ನೆರಳುಳ್ಳ, ನೆಲಕ್ಕೆ ಕಾಲು ತಾಗಿದ ಮನುಷ್ಯನನ್ನು ಗುರುತಿಸಿ ಅವನ ಕೊರಳಿಗೆ ಮಾಲೆ ಹಾಕಿದಳು. ಕಾಲಕ್ಕೆ ಸಿಗದವರನ್ನು ಬಿಟ್ಟು ಕಾಲದಲ್ಲಿ ಬಾಳುವವನನ್ನು ಆಕೆ ಆರಿಸಿಕೊಂಡಳೆಂಬುದು ಯೋಚಿಸತಕ್ಕ ಮಾತಾಗಿದೆ.

ಎರಡು ಬಗೆಯ ಕತೆಗಳು

ಕಾಲದಲ್ಲಿ ಸಂಚರಿಸುವ ಕಲ್ಪನೆ ಹೊಸದೇನೂ ಅಲ್ಲ. ರೈವತನೆಂಬ ಅರಸನು ಮಗಳು ರೇವತಿಗೆ ಯೋಗ್ಯ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಗಂಧರ್ವರ ಗಾನ ಕೇಳಿ ಮರಳುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದ್ದವೆಂಬ ಕತೆ ಪುರಾಣದಲ್ಲಿದೆ. ಯಂತ್ರವನ್ನೇರಿ ಕಾಲದಲ್ಲಿ ಹೋಗುವ ಕತೆಯನ್ನು ಲೋಕಪ್ರಸಿದ್ಧಗೊಳಿಸಿದವನು ಇಂಗ್ಲೆಂಡಿನ ಎಚ್. ಜಿ. ವೆಲ್ಸ್, ಅವನ ಕಾದಂಬರಿ 'ದಿ ಟೈಮ್ ಮಷೀನ್' ಪ್ರಕಟವಾದುದು 1895ರಲ್ಲಿ. ಅದರಿಂದ ಸ್ಫೂರ್ತಿ ಪಡೆದು ಸಿಂಗೀತಂ ಶ್ರೀನಿವಾಸರಾವ್ ಅವರು 1991ರಲ್ಲಿ ತೆಲುಗಿನಲ್ಲಿ 'ಆದಿತ್ಯ 369' ಎಂಬ ಚಿತ್ರವನ್ನು ತೆಗೆದರು. ರಾಜಕುಮಾರ್ ಅವರ 'ಹಾಲು ಜೇನು', 'ಶ್ರಾವಣ ಬಂತು' ಚಿತ್ರಗಳನ್ನು ನಿರ್ದೇಶಿಸಿದವರೂ ಇವರೇ. 'ಆದಿತ್ಯ 369'ರಲ್ಲಿ ಬಾಲಕೃಷ್ಣ ಅವರು ಇಂದಿನ ತರುಣನಾಗಿಯೂ ಶ್ರೀಕೃಷ್ಣದೇವರಾಯನಾಗಿಯೂ ಕಾಣಿಸಿಕೊಂಡಿದ್ದಾರೆ. ಆ ಕತೆಯ ಯಂತ್ರ ಮೊದಲು 1526ರ ವಿಜಯನಗರಕ್ಕೂ ಆಮೇಲೆ 2504ರ ಭವಿಷ್ಯಕ್ಕೂ ಹೋಗುತ್ತದೆ.

ಆ 1526 ಎಂಬ ವರ್ಷ ನಮ್ಮ ಈ ಸೀಮೆಗೆ ದೂರದ್ದಲ್ಲ. ಅದಕ್ಕೆ ಆರು ವರ್ಷ ಮೊದಲು, 1520ರಲ್ಲಿ, ಕೃಷ್ಣದೇವರಾಯನು ರಾಯಚೂರಿನ ಕದನದಲ್ಲಿ ಬಿಜಾಪುರದ ಸುಲ್ತಾನನನ್ನು ಸೋಲಿಸಿದ್ದನು. ಲಿಂಗಸುಗೂರು ತಾಲೂಕಿನ ಮುದಗಲ್ಲ ಕೋಟೆಗಾಗಿ ಎರಡು ಶತಮಾನಗಳ ಕಾಲ ಹರಿದ ನೆತ್ತರಿಗೆ ಲೆಕ್ಕವಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲದ ಹುಡುಗನೊಬ್ಬ ಆ ಯಂತ್ರವನ್ನೇರಿ ಇಳಿದಿದ್ದರೆ, ರಾಜಸಭೆಯ ಹಾಡು ನೃತ್ಯಗಳ ಬದಲು ದಂಡಿನ ಧೂಳನ್ನೇ ಕಾಣಬೇಕಾಗುತ್ತಿತ್ತೋ ಏನೋ.

ಇಂಥ ಕತೆಗಳನ್ನೆಲ್ಲ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಅಜ್ಜ ಮಾರಿಬಿಟ್ಟ ಹೊಲವನ್ನು ಉಳಿಸಿಕೊಳ್ಳಲು ಮೊಮ್ಮಗನೊಬ್ಬ ಹಿಂದಿನ ಕಾಲಕ್ಕೆ ಹೋಗುತ್ತಾನೆಂದು ತಿಳಿಯೋಣ. ಎಲ್ಲಿಂದಲೋ ಬಂದ ಅಪರಿಚಿತನೊಬ್ಬ ತನ್ನ ಹೊಲದ ವಿಷಯವನ್ನು ಅಷ್ಟೊಂದು ಕಾತರದಿಂದ ಕೇಳುವುದನ್ನು ಕಂಡು ಅಜ್ಜನಿಗೆ ದಿಗಿಲಾಗುತ್ತದೆ. ಇದರಲ್ಲಿ ಏನೋ ವ್ಯಾಜ್ಯವಿದೆ, ಈ ಗೊಡವೆಯೇ ಬೇಡ ಎಂದು ಆತ ಮರುದಿನವೇ ಹೊಲವನ್ನು ಮಾರಿಬಿಡುತ್ತಾನೆ. ತಪ್ಪಿಸಲು ಹೋದ ಮೊಮ್ಮಗನೇ ಆ ಮಾರಾಟಕ್ಕೆ ಕಾರಣನಾದನು. ಇದು ಮೊದಲ ಬಗೆ. ಇಲ್ಲಿ ಆದದ್ದು ಆಗಿಯೇ ತೀರುತ್ತದೆ. ವಿಧಿಯಿಂದ ತಪ್ಪಿಸಿಕೊಳ್ಳಲು ಓಡಿ ಅದರ ಬಾಯಿಗೇ ಬಿದ್ದ ಗ್ರೀಕರ ಈಡಿಪಸ್ ದೊರೆಯ ಕತೆಯೂ ಇದೇ ಜಾತಿಗೆ ಸೇರಿದ್ದು.

ಇನ್ನೊಂದು ಬಗೆಯಲ್ಲಿ ಮೊಮ್ಮಗನ ಮಾತಿಗೆ ಒಪ್ಪಿ ಅಜ್ಜ ಹೊಲವನ್ನು ಉಳಿಸಿಕೊಳ್ಳುತ್ತಾನೆ. ಆದರೆ ಆ ಹೊಲ ಮಾರಿದ ಹಣದಿಂದಲೇ ಇವನ ತಂದೆ ಪಟ್ಟಣಕ್ಕೆ ಹೋಗಿ ಓದಿದ್ದನು, ಅಲ್ಲಿಯೇ ತಾಯಿಯ ಮನೆತನದ ಪರಿಚಯವಾಗಿತ್ತು. ಹೊಲ ಉಳಿಯಿತು, ಮರಳಿ ಬಂದು ನೋಡಿದರೆ ತನ್ನ ಮನೆಯೇ ಇಲ್ಲ, ತನ್ನನ್ನು ಗುರುತಿಸುವವರೂ ಇಲ್ಲ. ಒಂದು ದುಃಖವನ್ನು ಕಿತ್ತು ತೆಗೆಯಲು ಹೋದರೆ ಅದರ ಬೇರಿಗೆ ಹೆಣೆದುಕೊಂಡ ಸುಖವೂ ಕಿತ್ತು ಬಂದಿತು. ಮೊದಲ ಬಗೆಯಲ್ಲಿ ಮನುಷ್ಯನಿಗೆ ಸ್ವಾತಂತ್ರ್ಯವಿಲ್ಲ. ಎರಡನೆಯದರಲ್ಲಿ ಸ್ವಾತಂತ್ರ್ಯ ಉಂಟು, ನೆಮ್ಮದಿ ಇಲ್ಲ.

ವಿಜ್ಞಾನವು ಹೇಳುವುದೇನು?

ಸಿಂಧನೂರಿನ ಹುಡುಗ ಕೇಳಿದ್ದು ಇದು ಸಾಧ್ಯವೇ ಎಂದು. ಕಾಲವು ಎಲ್ಲೆಡೆಯೂ ಒಂದೇ ವೇಗದಲ್ಲಿ ಸಾಗುವುದಿಲ್ಲವೆಂಬುದನ್ನು ಐನ್‌ಸ್ಟೈನ್ 1905 ಮತ್ತು 1915ರಲ್ಲಿ ಪ್ರತಿಪಾದಿಸಿದ ಸಾಪೇಕ್ಷತಾ ಸಿದ್ಧಾಂತಗಳು ತಿಳಿಸುತ್ತವೆ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಗುರುತ್ವ ಕಡಿಮೆ ಇರುವ ಎತ್ತರದಲ್ಲಿ ಅದು ತುಸು ಬೇಗನೆ ನಡೆಯುತ್ತದೆ. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನಗಳಲ್ಲಿರಿಸಿ ಭೂಮಿಯನ್ನು ಸುತ್ತಿಸಿ ಈ ವ್ಯತ್ಯಾಸವನ್ನು ಅಳೆದರು. ಇಂದು ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗದಷ್ಟು ಮುಂದೆ ಹೋಗುತ್ತವೆ. ಅದನ್ನು ಸರಿಪಡಿಸದಿದ್ದರೆ ಮೊಬೈಲು ತೋರುವ ದಾರಿ ತಪ್ಪುತ್ತದೆ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಆದುದರಿಂದ ನಾವು ಕಾಣುವ ಸೂರ್ಯನೂ ಹಿಂದಿನವನೇ.

ಮುಂದಕ್ಕೆ ಕೂದಲೆಳೆಯಷ್ಟು ಜಿಗಿಯುವುದು ಹೀಗೆ ಸಾಧ್ಯವಾಗಿದೆ. ಹಿಂದಕ್ಕೆ ಹೋದವರು ಮಾತ್ರ ಯಾರೂ ಇಲ್ಲ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾತ್ರಿಕರಿಗಾಗಿ ಒಂದು ಔತಣವನ್ನು ಏರ್ಪಡಿಸಿದನು. ಔತಣ ಮುಗಿದ ಮೇಲೆಯೇ ಕರೆಯೋಲೆಯನ್ನು ಪ್ರಕಟಿಸಿದನು. ಭವಿಷ್ಯದಲ್ಲಿ ಯಾರಾದರೂ ಕಾಲಯಂತ್ರ ಕಟ್ಟಿದರೆ ಆ ಓಲೆಯನ್ನು ಓದಿ ಹಿಂದಕ್ಕೆ ಬಂದು ಊಟಕ್ಕೆ ಕೂಡಬಹುದಾಗಿತ್ತು. ಯಾರೂ ಬರಲಿಲ್ಲ. ಇದು ವಿನೋದವಾದರೂ ಅದರೊಳಗಿನ ಮಾತು ಗಟ್ಟಿಯಾದದ್ದು.

ಮಸ್ಕಿಯ ಬಂಡೆ

ಐನ್‌ಸ್ಟೈನ್ ತನ್ನ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಬರ್ಲಿನ್ನಿನಲ್ಲಿ ಮಂಡಿಸಿದ 1915ರಲ್ಲಿಯೇ ನಮ್ಮ ಮಸ್ಕಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಅಲ್ಲಿಯ ಬಂಡೆಯೊಂದರ ಮೇಲಿನ ಬ್ರಾಹ್ಮೀ ಬರಹ ಬಿದ್ದಿತು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಓದಿದ್ದನು. ಆದರೆ ಆವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಆ ಅರಸನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಅಶೋಕನೆಂಬ ಹೆಸರನ್ನೇ ಹೊತ್ತು ದೊರೆತ ಮೊದಲ ಶಾಸನ ಮಸ್ಕಿಯದು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಮಾತನಾಡದೆ ಕಾದಿದ್ದ ಬಂಡೆ, ಕೇಳುವವರು ಬಂದಾಗ ಹೆಸರು ಹೇಳಿತು. ಕಾಲದಲ್ಲಿ ಪಯಣ ಮಾಡಿದ್ದು ಯಂತ್ರವಲ್ಲ, ಮಾತು.

ಆ ಹೆಸರಿನ ಹಿಂದಿರುವ ಮನುಷ್ಯನನ್ನು ನೆನೆಯಬೇಕು. ಅಶೋಕನು ಪಟ್ಟಾಭಿಷಿಕ್ತನಾದ ಎಂಟು ವರ್ಷಗಳ ಮೇಲೆ ಕಳಿಂಗವನ್ನು ಗೆದ್ದನು. ಒಂದು ಲಕ್ಷ ಜನ ಸತ್ತರೆಂದೂ, ಒಂದೂವರೆ ಲಕ್ಷ ಜನರನ್ನು ನೆಲೆ ಕೀಳಿಸಿ ಒಯ್ದರೆಂದೂ ತನ್ನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಅದಕ್ಕಾಗಿ ತನಗಾದ ಸಂಕಟವನ್ನೂ ಬರೆಸಿದ್ದಾನೆ. ಕಳಿಂಗದ ನೆಲವಾದ ಧೌಲಿ, ಜೌಗಡಗಳಲ್ಲಿ ಮಾತ್ರ ಈ ಶಾಸನವನ್ನು ಹಾಕಿಸಲಿಲ್ಲ. ನೊಂದವರ ಎದುರಿಗೆ ಆ ಲೆಕ್ಕವನ್ನು ಎತ್ತಲು ಅವನ ಮನಸ್ಸು ಹಿಂಜರಿದಿರಬಹುದು. ಭರತಖಂಡದ ಬಹುಭಾಗವನ್ನು ಆಳಿದ ಚಕ್ರವರ್ತಿಗೂ ಆ ಒಂದು ವರ್ಷಕ್ಕೆ ಹಿಂದಿರುಗಿ ಹೋಗಲು ದಾರಿ ಇರಲಿಲ್ಲ. ಅವನಿಂದ ಆದದ್ದು ಮುಂದಿನ ದಿನಗಳನ್ನು ಬೇರೆ ರೀತಿಯಲ್ಲಿ ಬಾಳುವುದು, ಬಾವಿ ತೋಡಿಸುವುದು, ಮರ ನೆಡಿಸುವುದು, ತಾನು ಕಲಿತದ್ದನ್ನು ಕಲ್ಲಿನ ಮೇಲೆ ಬರೆಸುವುದು ಇಷ್ಟೇ. ಮಸ್ಕಿಯ ಶಾಸನದಲ್ಲಿ ಅವನು ಹೇಳುವ ಮುಖ್ಯ ಮಾತೆಂದರೆ, ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಪ್ರಯತ್ನಿಸಿದರೆ ಸಾಮಾನ್ಯನಿಗೂ ಅದು ಸಾಧ್ಯ ಎಂಬುದು. ಮುಂದೆ ಹದಿಮೂರು ಹದಿನಾಲ್ಕು ಶತಮಾನಗಳು ಕಳೆದ ಮೇಲೆ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಸಮಗಾರರೆಲ್ಲ ಶರಣರಾಗಿ ಅನುಭಾವದ ಮಾತನಾಡಿದ್ದನ್ನು ಬಲ್ಲ ನಮಗೆ ಈ ಮಾತು ಹೊರಗಿನದೆನಿಸುವುದಿಲ್ಲ.

ಒಬ್ಬ ತಾಯಿಯ ಪ್ರಶ್ನೆ

ಮಸ್ಕಿಯಿಂದ ಲಿಂಗಸುಗೂರಿಗೆ ಬಂದ ಮೇಲೆ ಪ್ರವಚನದಲ್ಲಿ ಈ ಚಿತ್ರದ ಪ್ರಸ್ತಾಪವನ್ನು ನಾವೇ ಮಾಡಿದೆವು. ಹುಡುಗರು ಉತ್ಸಾಹದಿಂದ ಮಾತನಾಡಿದರು. ಎಲ್ಲರೂ ಎದ್ದು ಹೋದ ಮೇಲೆ ಹಿಂದೆ ಕುಳಿತಿದ್ದ ತಾಯಿಯೊಬ್ಬರು ಬಂದು ಶರಣು ಮಾಡಿ, "ಅಜ್ಜಾರ, ಅಂಥಾ ಮಷೀನ್ ಇದ್ದಿದ್ರ ನಾ ಒಂದೇ ಒಂದು ದಿನಕ್ಕ ಹೋಗಿ ಬರ್ತಿದ್ದೆ ನೋಡ್ರಿ" ಎಂದರು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಗಳನ್ನು, ಕಾಲೇಜು ದೂರ, ದಿನವೂ ಬಸ್ಸಿನ ಓಡಾಟ ಬೇಡವೆಂದು ಮನೆಯಲ್ಲಿ ಕೂರಿಸಿದ್ದರಂತೆ. ಕೆಲವು ವರ್ಷ ಕಳೆದು ಮದುವೆ ಮಾಡಿಕೊಟ್ಟರು. ಈಗ ಅಳಿಯನ ದುಡಿಮೆ ಸಾಲದು. ಮಗಳಿಗೆ ಕೆಲಸ ಬೇಕು, ಓದಿಲ್ಲ. "ಆಕಿ ಬಾಯಿಬಿಟ್ಟು ಏನೂ ಅಂದಿಲ್ರಿ. ಮಾರಿ ನೋಡಿದ್ರ ತಿಳೀತದ. ಟಿ.ಸಿ. ತಂದ ದಿನ ನಾನs ಬ್ಯಾಡ ಅಂದಿದ್ರ ಅವರಪ್ಪ ಕೇಳ್ತಿದ್ರು" ಎಂದು ಕಣ್ಣೊರೆಸಿಕೊಂಡರು.

ತೆರೆಯ ಮೇಲಿನ ತಿರುವುಗಳಿಗಿಂತ ಈ ಮಾತು ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿತು. ಇಂಥ ಸಂದರ್ಭದಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಒಂದು, ಅವಳ ಹಣೆಬರಹವೇ ಹಾಗಿತ್ತು ಎಂಬುದು. ಇನ್ನೊಂದು, ಅಂದು ಹಾಗೆ ಮಾಡಬಾರದಿತ್ತು ಎಂದು ಬಾಳಿನುದ್ದಕ್ಕೂ ಕೊರಗುವುದು. ಮೇಲೆ ಹೇಳಿದ ಎರಡು ಬಗೆಯ ಕತೆಗಳು ಇವೇ ಅಲ್ಲವೇ? ಹಣೆಬರಹವೆಂದು ಕೈಚೆಲ್ಲುವವನು ಮೊದಲ ಬಗೆಯ ಕತೆಯಲ್ಲಿ ಸಿಕ್ಕಿಕೊಂಡಿದ್ದಾನೆ. ಹಾಗಾಗಿದ್ದರೆ, ಹೀಗಾಗಿದ್ದರೆ ಎಂದು ಕೊರಗುವವನು ಎರಡನೆಯ ಬಗೆಯಲ್ಲಿ. ಇಬ್ಬರೂ ಇಂದಿನ ದಿನವನ್ನು ಕಾಣುತ್ತಿಲ್ಲ.

ಮಗಳ ವಯಸ್ಸೆಷ್ಟೆಂದು ಕೇಳಿದೆವು. ಇಪ್ಪತ್ತನಾಲ್ಕು ಎಂದರು. ಪಿ.ಯು.ಸಿ. ಪರೀಕ್ಷೆಗೆ ಖಾಸಗಿಯಾಗಿ ಕೂಡುವ ದಾರಿ ಇಂದಿಗೂ ತೆರೆದಿದೆ. ಮನೆಯಲ್ಲಿದ್ದೇ ಪದವಿ ಓದಲು ಮುಕ್ತ ವಿಶ್ವವಿದ್ಯಾಲಯವಿದೆ. ಎರಡು ಮಕ್ಕಳ ತಾಯಿ ಓದಬೇಕಾದರೆ ಬೇಕಾಗುವುದು ಕಾಲಯಂತ್ರವಲ್ಲ. ದಿನಕ್ಕೆ ಎರಡು ತಾಸು ಆ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಅಜ್ಜಿ. ಇದನ್ನು ಹೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಆಕೀನ ಕೇಳಿ ನೋಡ್ತೀನ್ರಿ" ಎಂದು ಎದ್ದು ಹೋದರು. ಮುಂದೇನಾಯಿತೆಂಬುದು ಆ ಮನೆಯವರ ಕೈಯಲ್ಲಿದೆ.

ಅನಿಮಿಷಯ್ಯನ ಕಣ್ಣು

ಎವೆಯಿಕ್ಕದ ಕಣ್ಣಿನ ಕತೆ ನಮ್ಮ ಶರಣ ಪರಂಪರೆಯಲ್ಲಿಯೂ ಒಂದಿದೆ. ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳುವಂತೆ, ಅಲ್ಲಮನು ತಾನೊಲಿದ ಕಾಮಲತೆ ತೀರಿಕೊಂಡಾಗ ದುಃಖದಲ್ಲಿ ಮುಳುಗಿ ಹುಚ್ಚನಂತೆ ಅಲೆಯುತ್ತಿದ್ದನು. ಕಳೆದುದು ಮರಳಬೇಕೆಂಬ ಹಂಬಲ ಅವನಿಗಿಂತ ಮಿಗಿಲಾಗಿ ಇನ್ನಾರಿಗಿದ್ದೀತು? ಹೀಗಿರುವಾಗ ಒಂದೆಡೆ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದಾಗ ಚಿನ್ನದ ಕಳಸವೊಂದು ಕಾಣಿಸಿತು. ಅಗೆಸಿ ನೋಡಲು ನೆಲದೊಳಗೆ ಗುಡಿ. ಗುಡಿಯ ಬಾಗಿಲು ತೆರೆದರೆ ಒಳಗೆ ಕರತಲದ ಲಿಂಗದಲ್ಲಿ ದೃಷ್ಟಿ ನೆಟ್ಟು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆತನ ಕೈಯಿಂದ ಅಲ್ಲಮನಿಗೆ ಲಿಂಗವು ದೊರೆಯಿತು.

ಲಿಂಗಸುಗೂರು ತಾಲೂಕಿನವರಿಗೆ ನೆಲದೊಳಗೆ ಚಿನ್ನವಿರುವುದು ಆಶ್ಚರ್ಯದ ಮಾತಲ್ಲ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಆಳವಾಗಿ ಗಣಿ ತೋಡಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ಆದರೆ ಅಲ್ಲಮನಿಗೆ ನೆಲದೊಳಗಿನಿಂದ ಬಂದುದು ಚಿನ್ನವಲ್ಲ; ಕಳಸ ಬರಿಯ ಗುರುತಾಗಿತ್ತು. ಅನಿಮಿಷಯ್ಯ ಅವನಿಗೆ ಕಾಮಲತೆ ಬದುಕಿದ್ದ ದಿನಗಳನ್ನು ಮರಳಿ ಕೊಡಲಿಲ್ಲ, ಅಂಗೈಯಲ್ಲಿ ಲಿಂಗವನ್ನು ಕೊಟ್ಟನು ಎಂಬಲ್ಲಿ ಈ ಕತೆಯ ಮರ್ಮವಿದೆ. ಚಿತ್ರದ ನಾಯಕ ಎವೆಯಿಕ್ಕದೆ ಕಳೆದ ಕಾಲಕ್ಕೆ ಹೋಗುತ್ತಾನೆ. ಶರಣನು ದೃಷ್ಟಿಯನ್ನು ನಿಲ್ಲಿಸಿ ಈಗ ಇರುವಲ್ಲಿಗೆ ಬರುತ್ತಾನೆ. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿರಿಸಿ ನೋಟ ನಿಲ್ಲಿಸುವ ಸಾಧನೆಯ ಉದ್ದೇಶವೂ ಇದೇ: ಹಿಂದಕ್ಕೂ ಮುಂದಕ್ಕೂ ಓಡುವ ಮನಸ್ಸನ್ನು ಒಂದೆಡೆ ಕೂರಿಸುವುದು. (ಮಕ್ಕಳು ಚಿತ್ರ ನೋಡಿ ಕಣ್ಣು ಮಿಟುಕಿಸದಿರುವ ಪಂದ್ಯ ಕಟ್ಟಬಾರದು. ಎವೆ ಕಣ್ಣಿಗೆ ಕಾವಲು. ಸಾಧನೆಯಲ್ಲಿಯೂ ಕಣ್ಣನ್ನು ನೋಯಿಸುವುದು ಸಲ್ಲದು.)

ಎವೆಯಿಕ್ಕದೆ ಕುಳ್ಳಿರಿಸುವ ಇನ್ನೊಂದು ವಸ್ತು ಈಗ ಮನೆಮನೆಯಲ್ಲಿದೆ. ಸಾಮಾನ್ಯವಾಗಿ ಮನುಷ್ಯ ನಿಮಿಷಕ್ಕೆ ಹದಿನೈದರಿಂದ ಇಪ್ಪತ್ತು ಬಾರಿ ಎವೆಯಿಕ್ಕುತ್ತಾನೆ. ಮೊಬೈಲಿನಲ್ಲಿ ಮುಳುಗಿದಾಗ ಅದು ಬಹಳ ಕಡಿಮೆಯಾಗುತ್ತದೆ. ಎಂಟು ಗಂಟೆಗೆ ಹಿಡಿದು ಕುಳಿತವನು ತಲೆಯೆತ್ತಿದಾಗ ಹನ್ನೊಂದಾಗಿರುತ್ತದೆ. ಮೂರು ತಾಸು ಮುಂದಕ್ಕೆ ಕಾಲಯಾನವಾಯಿತು, ನಡುವಿನದು ಎಲ್ಲಿ ಹೋಯಿತೆಂದು ಅವನಿಗೇ ತಿಳಿಯದು.

ಮುಂದಿನವರ ಹಿಂದಿನ ಕಾಲ

ಕಳೆದುದನ್ನು ತಿದ್ದಲಾಗದು. ಆದರೆ ಇನ್ನೊಂದು ದೃಷ್ಟಿಯಿಂದ ನೋಡಿದರೆ ನಾವೆಲ್ಲ ಈಗ ಯಾರದೋ ಕಳೆದ ಕಾಲದಲ್ಲಿಯೇ ಇದ್ದೇವೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ಎಡದಂಡೆ ಕಾಲುವೆಯ ನೀರು ಕೊಡುವ ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು, ಹೂಳು ತುಂಬಿ ಈಗ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರೆಲ್ಲ ಒಂದು ವಾರ ನಿದ್ದೆಗೆಟ್ಟರು. ಅಂದು ಎಷ್ಟು ಜನ, ಮೊದಲೇ ಆ ಸರಪಳಿಯನ್ನು ನೋಡಿದ್ದರೆ ಎಂದಿರಲಿಕ್ಕಿಲ್ಲ! 2504ನೆಯ ಇಸವಿಗೆ ಹೋಗುವ ಯಂತ್ರ ಬೇಕಿಲ್ಲ. ಇಂದು ನಾವು ನೋಡದೆ ಬಿಟ್ಟ ಸರಪಳಿಯೇ ನಾಳಿನವರು ಹಿಂದಕ್ಕೆ ಬಂದು ತಿದ್ದಬೇಕೆಂದು ಹಂಬಲಿಸುವ ತಪ್ಪಾಗುತ್ತದೆ. ಮನೆಯೊಳಗಿನ ಸರಪಳಿಗಳೂ ಹಾಗೆಯೇ. ಬೇಡವೆನ್ನಬೇಕಾದ ದಿನ ಬೇಡವೆನ್ನದೆ, ಓದಿಸಬೇಕಾದ ದಿನ ಓದಿಸದೆ, ಸಾಲ ಸಣ್ಣದಿದ್ದಾಗ ತೀರಿಸದೆ, ಅಣ್ಣತಮ್ಮಂದಿರ ನಡುವಿನ ಮಾತು ಕೆಟ್ಟಾಗ ಮರುದಿನವೇ ಹೋಗಿ ಕರೆಯದೆ ಬಿಟ್ಟರೆ, ಆಮೇಲೆ ಯಂತ್ರ ಹುಡುಕಬೇಕಾಗುತ್ತದೆ.

ಬಸವಾದಿ ಶರಣರು ಒಳ್ಳೆಯ ಕಾಲ ಕೆಟ್ಟ ಕಾಲವೆಂಬ ಭೇದವನ್ನು ಒಪ್ಪಲಿಲ್ಲ. ರಾಹುಕಾಲ, ಗುಳಿಕಕಾಲಗಳ ಲೆಕ್ಕ ಹಾಕಿ ಒಳ್ಳೆಯ ಕೆಲಸವನ್ನು ಮುಂದೂಡುವುದು ಅವರ ಹಾದಿಯಲ್ಲ. ಮಾಡಬೇಕಾದ ಸತ್ಕಾರ್ಯ ಎದುರಿಗಿದ್ದರೆ ಅದೇ ಮುಹೂರ್ತವಾಗಿತ್ತು. ಕಾಯಕಕ್ಕೆ ಇಂದಿನ ದಿನವೇ ತಿಥಿ. ಇಷ್ಟಲಿಂಗವನ್ನು ಧರಿಸಿಯೂ ಪಂಚಾಂಗಕ್ಕೆ ಅಂಜುವ ಮನೆಗಳು ನಮ್ಮಲ್ಲಿ ಇನ್ನೂ ಕಡಿಮೆಯಾಗಿಲ್ಲವೆಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಗಂಟುಗಳ ಮೇಲೆ ಗಂಟು ಹಾಕುವ ಉಮೇದಿನಲ್ಲಿ ಕೆಲವೆಡೆ ಪಾತ್ರಗಳ ನೋವಿನ ಬಳಿ ನಿಲ್ಲುವಷ್ಟು ವ್ಯವಧಾನ ಕಾಣುವುದಿಲ್ಲ. ತೀರ ಚಿಕ್ಕ ಮಕ್ಕಳಿಗೆ ಇದು ತಿಳಿಯುವಂಥದೂ ಅಲ್ಲ. ಆದರೂ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಹಿರಿಯರು ಒಮ್ಮೆ ಅವರೊಡನೆ ಕುಳಿತು ಇದನ್ನು ನೋಡಬಹುದು. ನೋಡಿಯಾದ ಮೇಲೆ ಮೊಬೈಲುಗಳನ್ನು ಬದಿಗಿಟ್ಟು, ಒಂದು ದಿನಕ್ಕೆ ಹಿಂದಿರುಗಲು ಸಾಧ್ಯವಿದ್ದರೆ ಯಾವ ದಿನಕ್ಕೆ ಹೋಗುವೆ ಎಂದು ಒಬ್ಬರನ್ನೊಬ್ಬರು ಕೇಳಲಿ. ತಂದೆ ತಾಯಿಗಳೂ ಮರೆಮಾಚದೆ ಉತ್ತರ ಹೇಳಲಿ. ಯಾರು ಯಾವ ದಿನದ ಹೆಸರು ಹೇಳಿದರೂ, ಆ ದಿನದ ಬಗ್ಗೆ ಇಂದು ಮಾಡಬಹುದಾದದ್ದು ಏನಾದರೂ ಉಳಿದಿದೆಯೇ ಎಂದು ಎಲ್ಲರೂ ಕೂಡಿ ಯೋಚಿಸಲಿ. ಒಂದು ಕ್ಷಮೆಯ ಮಾತು, ಒಂದು ಪರೀಕ್ಷೆಯ ಅರ್ಜಿ, ಊರಿಗೆ ಹೋಗಿ ಒಬ್ಬ ಮುದುಕರನ್ನು ಕಂಡು ಬರುವುದು, ಹೀಗೆ ಏನಾದರೊಂದು ಉಳಿದೇ ಇರುತ್ತದೆ. ರಜೆಯಲ್ಲಿ ಮಕ್ಕಳನ್ನು ಮಸ್ಕಿಯ ಬಂಡೆಯ ಬಳಿಗೂ ಕರೆದೊಯ್ದು, ಅದನ್ನು ಬರೆಸಿದವನ ಕತೆಯನ್ನು ಅಲ್ಲಿಯೇ ನಿಂತು ಹೇಳಲಿ.